ಗೋವೆಯ ಸಂತನಿಗೂ ಹಂಪಿಗೂ ಒಂದು ಹಳೇ ತಕರಾರು

ಡಿಸೆಂಬರ್ ಬಂತೆಂದರೆ ಹನುಮನಹಳ್ಳಿ ರಸ್ತೆ ತುಂಬ ಅಂಜನಾದ್ರಿಗೆ ಹೊರಟ ಮಾಲಾಧಾರಿಗಳು. ಅದೇ ತಿಂಗಳ 3ರಂದು ಹಳೇ ಗೋವೆಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬ. ದರ್ಶನಕ್ಕೆ ಹಿಂದೂಗಳೂ ಹೋಗುತ್ತಾರೆ. ಆದರೆ ಈ ಸಂತನಿಗೂ ಹನುಮನಹಳ್ಳಿ ಹೊಳೆಯಾಚೆಯ ಹಂಪಿಗೂ ಒಮ್ಮೆ ತಕರಾರು ಬಿದ್ದಿತ್ತೆಂಬುದು ಎಷ್ಟು ಮಂದಿಗೆ ಗೊತ್ತು?

ಝೇವಿಯರ್ ಹುಟ್ಟಿದ್ದು 1506ರಲ್ಲಿ, ಸ್ಪೇನ್ ಕಡೆಯ ನವಾರ್ ಸೀಮೆಯ ಕೋಟೆಮನೆಯಲ್ಲಿ. ಪ್ಯಾರಿಸ್ಸಿನಲ್ಲಿ ಓದುವಾಗ ಕೋಣೆಯ ಜೊತೆಗಾರ ಇಗ್ನೇಷಿಯಸ್ ಲೊಯೋಲಾನ ಸಹವಾಸದಿಂದ ಮನಸ್ಸು ತಿರುಗಿತು. 1542ರ ಮೇ 6ರಂದು ಗೋವೆಗೆ ಬಂದಿಳಿದ. ಗಂಟೆ ಬಾರಿಸುತ್ತ ಬೀದಿ ಮಕ್ಕಳನ್ನು ಕೂಡಿಸೋದು, ರೋಗಿಗಳ ಆರೈಕೆ ಮಾಡೋದು, ಇದೇ ಕೆಲಸ.

ಅಲ್ಲಿಂದ ಹೋದದ್ದು ತಮಿಳುನಾಡಿನ ಮುತ್ತಿನ ಕರಾವಳಿಗೆ. ಅಲ್ಲಿನ ಪರವ ಬೆಸ್ತರು ಪೋರ್ಚುಗೀಸರ ರಕ್ಷಣೆಗಾಗಿ ಮೊದಲೇ ಕ್ರೈಸ್ತರಾಗಿದ್ದರು. ಮುತ್ತಿನ ಮೇಲೆ ಎಲ್ಲರ ಕಣ್ಣು. ಹಂಪಿಯಲ್ಲಿ ಸದಾಶಿವರಾಯನ ಹೆಸರಿನಲ್ಲಿ ಅಳಿಯ ರಾಮರಾಯ ಆಳುತ್ತಿದ್ದ ಕಾಲವದು. 1544ರ ಜೂನ್‌ನಲ್ಲಿ ವಿಜಯನಗರದ ಕಡೆಯ ದಂಡು ಕನ್ಯಾಕುಮಾರಿಯತ್ತ ನುಗ್ಗಿತು. ತಮಿಳರ ಬಾಯಲ್ಲಿ ಇವರು ವಡಗರು, ಅಂದರೆ ಉತ್ತರದವರು. ಬೆಸ್ತರು ಹೆಂಡಿರು ಮಕ್ಕಳ ಸಮೇತ ಸಮುದ್ರದೊಳಗಿನ ಬಂಡೆ ಹತ್ತಿ ಕೂತರು, ಅನ್ನವಿಲ್ಲ, ನೀರಿಲ್ಲ. ಝೇವಿಯರ್ 20 ದೋಣಿಗಳಲ್ಲಿ ತಿನ್ನೋ ಸಾಮಾನು ತುಂಬಿಸಿಕೊಂಡು ಮಣಪ್ಪಾಡಿನಿಂದ ಹೊರಟ. ಎದುರುಗಾಳಿ. ಎಂಟು ದಿನ ಹೆಣಗಿದರೂ ದೋಣಿ ಮುಂದಕ್ಕೆ ಹೋಗಲಿಲ್ಲ, ತಿರುಗಿ ಬಂದ. ಆಮೇಲೆ ನೆಲದ ಮೇಲೆಯೇ ಹೋಗಿ ಅವರನ್ನು ಕಂಡ.

ಶಿಲುಬೆ ಹಿಡಿದು ಒಬ್ಬನೇ ದಂಡನ್ನು ಓಡಿಸಿದ ಅಂತ ಮುಂದೆ ಕತೆ ಹಬ್ಬಿತು. ಆತ ಬರೆದ ಕಾಗದಗಳಲ್ಲಿ ಇರೋದು ದೋಣಿ, ಗಾಳಿ, ಹಸಿವು ಅಷ್ಟೇ.

ಹಂಗಂತ ಎಲ್ಲಾ ಬೆಳ್ಳಗಿಲ್ಲ. ಗೋವೆಗೆ ಇನ್‌ಕ್ವಿಸಿಷನ್ ಎಂಬ ಮತವಿಚಾರಣೆ ಕಚೇರಿ ಬೇಕೆಂದು 1546ರಲ್ಲಿ ಪೋರ್ಚುಗಲ್ ದೊರೆಗೆ ಬರೆದವನೂ ಈತನೇ. 1560ರಲ್ಲಿ ಅದು ಬಂತು. ಅದರ ಕಾಟ ತಾಳಲಾರದೆ ಮನೆಮಾರು ಬಿಟ್ಟು ಕನ್ನಡ ಕರಾವಳಿಗೆ ಓಡಿಬಂದ ಕೊಂಕಣಿಗರು ಬಹಳ.

ಅದನ್ನು ನೋಡಲು ಝೇವಿಯರ್ ಇರಲಿಲ್ಲ. ಜಪಾನಿಗೆ ಹೋಗಿಬಂದು, ಚೀನಾ ಒಳಹೊಗಲು ಕಾಯುತ್ತ, 1552ರ ಡಿಸೆಂಬರ್ 3ರಂದು ಶಾಂಗ್‌ಚುವಾನ್ ದ್ವೀಪದಲ್ಲಿ ತೀರಿಕೊಂಡಿದ್ದ. ಸುಣ್ಣ ಸುರಿದು ಹೂತಿದ್ದರೂ ದೇಹ ಕೊಳೆತಿರಲಿಲ್ಲವಂತೆ. 1554ರಲ್ಲಿ ಗೋವೆಗೆ ತಂದರು. ಈಗ ಬೊಮ್ ಜೀಸಸ್ ಇಗರ್ಜಿಯ ಬೆಳ್ಳಿ ಪೆಟ್ಟಿಗೆಯಲ್ಲಿದೆ. ಹತ್ತು ವರ್ಷಕ್ಕೊಮ್ಮೆ ಕೆಳಗಿಳಿಸಿ, ಎದುರಿನ ಸೆ ಕಥೆಡ್ರಲ್‌ಗೆ ಒಯ್ದು ದರ್ಶನಕ್ಕಿಡುತ್ತಾರೆ. ಕಳೆದ ಸಲ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಇಟ್ಟಿದ್ದರು. ಲೆಕ್ಕದ ಪ್ರಕಾರ ಮುಂದಿನ ಸರದಿ 2034ಕ್ಕೆ. ಡಿಸೆಂಬರ್ 3ರ ಹಬ್ಬ ಮಾತ್ರ ವರ್ಷಾ ವರ್ಷಾ ಇದ್ದೇ ಇದೆ.