ಕಲ್ಲಿನ ಹೆಜ್ಜೆಗಳನ್ನು ಓದಿದ ಹಿಚ್‌ಕಾಕ್

ಹೊಸೂರು, ಕೃಷ್ಣಗಿರಿ ಸೀಮೆಯ ನಾವು ಬಂಡೆಗಳ ನಡುವೆ ಬಾಳುವವರು. ಸುಮಾರು 250 ಕೋಟಿ ವರ್ಷ ಹಳೆಯ ಈ ಶಿಲೆಗಳಲ್ಲಿ ಪ್ರಾಣಿಯ ಹೆಜ್ಜೆ ದೊರೆಯದು. ಇವು ರೂಪುಗೊಂಡಾಗ ನೆಲದ ಮೇಲೆ ನಡೆಯುವ ಜೀವಿಯೇ ಇರಲಿಲ್ಲ. ಕೆಸರು ಗಟ್ಟಿಯಾಗಿ ಕಲ್ಲಾದೆಡೆ ಹೆಜ್ಜೆಗಳು ಉಳಿದಿವೆ. ಅಂಥವನ್ನು ವಿಂಗಡಿಸುವುದರಲ್ಲಿ ಬಾಳು ಸವೆಸಿದವರು ಎಡ್ವರ್ಡ್ ಹಿಚ್‌ಕಾಕ್ ಮಹಾಶಯರು.

ಅವರು 1793ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಡೀರ್‌ಫೀಲ್ಡ್‌ನಲ್ಲಿ, ಟೋಪಿ ತಯಾರಿಸುವ ಬಡವರೊಬ್ಬರ ಮಗನಾಗಿ ಜನಿಸಿದರು. ಖಗೋಳಶಾಸ್ತ್ರದಲ್ಲಿದ್ದ ಆಸೆಯನ್ನು ಕಣ್ಣುಬೇನೆ ಕೆಡಿಸಿತು. ಕೆಲಕಾಲ ಪಾದ್ರಿಯಾಗಿದ್ದು, 1825ರಲ್ಲಿ ಆಮ್ಹರ್ಸ್ಟ್ ಕಾಲೇಜಿನ ಅಧ್ಯಾಪಕರಾದರು.

1835ರಲ್ಲಿ ಗ್ರೀನ್‌ಫೀಲ್ಡ್‌ನಲ್ಲಿ ಹಾದಿಗೆ ಹಾಸಲು ತಂದ ಚಪ್ಪಡಿಗಳಲ್ಲಿ ಮೂರು ಬೆರಳಿನ ಗುರುತುಗಳು ಕಂಡುಬಂದವು. ಅದನ್ನು ಪತ್ರದ ಮೂಲಕ ತಿಳಿಸಿದವರು ವೈದ್ಯ ಜೇಮ್ಸ್ ಡೀನ್. ಹಿಚ್‌ಕಾಕರು ಬೆರಳುಗಳನ್ನು ಎಣಿಸಿ, ಅವುಗಳ ನಡುವಣ ಕೋನವನ್ನೂ ಹೆಜ್ಜೆಯಿಂದ ಹೆಜ್ಜೆಗಿರುವ ದೂರವನ್ನೂ ಅಳೆದು, ಅವು ಪ್ರಾಚೀನ ಪಕ್ಷಿಗಳ ಪಾದಚಿಹ್ನೆಗಳೆಂದು 1836ರಲ್ಲಿ ಸಾರಿದರು. ಪತ್ನಿ ಓರಾ ಅವರು ಪಾಠಕ್ಕೆ ಬೇಕಾದ ದೊಡ್ಡ ಚಿತ್ರಪಟಗಳನ್ನು ಬರೆದುಕೊಟ್ಟರು. ಮೊದಲು ಕಂಡ ಕೀರ್ತಿ ಯಾರದೆಂಬ ವಿಷಯದಲ್ಲಿ ಡೀನರಿಗೂ ಅವರಿಗೂ ಮನಸ್ತಾಪ ಬಂದುದು ವಿಷಾದಕರ. ನಮ್ಮ ಎಣಿಕೆಯಲ್ಲಿ ಡೀನರಿಗೂ ಪಾಲು ಸಲ್ಲಬೇಕು.

1858ರಲ್ಲಿ ಅವರ ಮಹಾಗ್ರಂಥ ಹೊರಬಂದಿತು. 1864ರಲ್ಲಿ ಅವರು ಕಾಲವಾದರು. ಆ ಪಾದಗಳು ಹಕ್ಕಿಗಳವಲ್ಲ, ಡೈನೋಸಾರ್‌ಗಳವು ಎಂದು ಮುಂದಿನ ವಿದ್ವಾಂಸರು ನಿರ್ಣಯಿಸಿದರು. ಹಾಗೆಂದು ಅವರು ಪೂರ್ತಿ ತಪ್ಪಿದರೆನ್ನಲು ನಮಗೆ ಮನಸ್ಸು ಬಾರದು: ಹಕ್ಕಿಗಳು ಹುಟ್ಟಿದುದು ಅಂಥ ಮೂರು ಬೆರಳಿನ ಡೈನೋಸಾರ್‌ಗಳ ವಂಶದಲ್ಲಿಯೇ ಎಂದು ಇಂದು ತಿಳಿದಿದೆ. ಯೂಬ್ರಾಂಟಿಸ್, ಗ್ರಾಲೇಟರ್ ಎಂದು ಅವರಿತ್ತ ಹೆಸರುಗಳು ಈಗಲೂ ಬಳಕೆಯಲ್ಲಿವೆ. ಅವರು ಕೂಡಿಸಿದ ಚಪ್ಪಡಿಗಳನ್ನು ಆಮ್ಹರ್ಸ್ಟ್ ಕಾಲೇಜಿನ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು.