ರೋಲ್ಡ್ ಡಾಲ್ ಅವರ ವಿಮಾನವನ್ನು ಶತ್ರುಗಳು ಹೊಡೆದುರುಳಿಸಿದ್ದರೇ?

‘ಮಟಿಲ್ಡಾ’ ಬರೆದ ರೋಲ್ಡ್ ಡಾಲ್ (1916–1990) ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಪೈಲಟ್ ಆಗಿದ್ದರು. ಶತ್ರುಗಳು ಅವರ ವಿಮಾನವನ್ನು ಹೊಡೆದುರುಳಿಸಿದ್ದರು ಎಂದು ನಾವೂ ಬಹುಕಾಲ ನಂಬಿದ್ದೆವು. ಆದರೆ ನಡೆದದ್ದು ಅಪಘಾತ.

1940ರ ಸೆಪ್ಟೆಂಬರ್ 19ರ ಸಂಜೆ, 24ರ ಹರೆಯದ ಡಾಲ್ ಗ್ಲಾಸ್ಟರ್ ಗ್ಲಾಡಿಯೇಟರ್ ವಿಮಾನದಲ್ಲಿ ಈಜಿಪ್ಟಿನ ಮರುಭೂಮಿಯ ಮೇಲೆ ತಮ್ಮ 80ನೇ ಸ್ಕ್ವಾಡ್ರನ್‌ನ ತಾಣ ಹುಡುಕುತ್ತಿದ್ದರು. ಸಿಗಲಿಲ್ಲ. ಇಂಧನ ಮುಗಿಯುತ್ತ ಬಂದಿತ್ತು, ಕತ್ತಲಾಗುತ್ತಿತ್ತು. ಮರಳಿನಲ್ಲೇ ಇಳಿಸಲು ಹೋದಾಗ ವಿಮಾನ ಬಂಡೆಗೆ ಬಡಿಯಿತು. ತಲೆಬುರುಡೆ ಬಿರುಕುಬಿಟ್ಟಿತು, ಮೂಗು ಜಜ್ಜಿಹೋಯಿತು. ಉರಿಯುವ ವಿಮಾನದಿಂದ ತೆವಳಿ ಹೊರಬಂದರು. ಆಮೇಲೆ ವಾರಗಟ್ಟಲೆ ಕಣ್ಣು ಕಾಣಲಿಲ್ಲ.

1941ರಲ್ಲಿ ಗ್ರೀಸ್‌ನಲ್ಲಿ ಮತ್ತೆ ಹಾರಿದರು. ತೀವ್ರ ತಲೆನೋವು ಶುರುವಾಗಿ ಮನೆಗೆ ಮರಳಬೇಕಾಯಿತು.

1942ರಲ್ಲಿ ಅಮೆರಿಕದ ಪತ್ರಿಕೆಯೊಂದು ಅವರ ಬರಹವನ್ನು ‘ಶಾಟ್ ಡೌನ್ ಓವರ್ ಲಿಬಿಯಾ’ ಎಂಬ ಹೆಸರಿನಲ್ಲಿ ಪ್ರಕಟಿಸಿತು. ಯುದ್ಧಕಾಲದಲ್ಲಿ ಬಂಡೆಗಿಂತ ಗುಂಡಿಗೇ ಓದುಗರು ಹೆಚ್ಚು ಬಿಡಿ! 1986ರ ‘ಗೋಯಿಂಗ್ ಸೋಲೋ’ದಲ್ಲಿ ಡಾಲ್ ಅವರೇ ನಿಜ ಹೇಳಿದರು.

ತಲೆಗೆ ಬಿದ್ದ ಪೆಟ್ಟೇ ತಮ್ಮನ್ನು ಬರಹಗಾರನಾಗಿಸಿತು ಎಂದೂ ಅವರು ನಂಬಿದ್ದರು. ಮಿದುಳಿನ ಗಾಯ ಸ್ವಭಾವವನ್ನು ಬದಲಿಸಬಲ್ಲದು, ನಿಜ. ಆದರೆ ಒಂಬತ್ತನೇ ವಯಸ್ಸಿನಲ್ಲೇ ಈ ಹುಡುಗ ಶಾಲೆಯ ಹಾಸ್ಟೆಲ್‌ನಿಂದ ವಾರವಾರವೂ ತಾಯಿಗೆ ಪತ್ರ ಬರೆಯುತ್ತಿದ್ದ.