ನರಸಿಂಹರಾಜು: ಸುವರ್ಣಯುಗ ಹೊತ್ತ ಬಡಕಲು ಹೆಗಲು

ಕನ್ನಡ ಸಿನಿಮಾದ ಸುವರ್ಣಯುಗ ಅಂದ ಕೂಡಲೇ ನಮಗೆ ನೆನಪಾಗೋದು ರಾಜರು. ರಣಧೀರ ಕಂಠೀರವ, ಸತ್ಯ ಹರಿಶ್ಚಂದ್ರ, ಶ್ರೀಕೃಷ್ಣದೇವರಾಯ. ಕಿರೀಟ, ಖಡ್ಗ, ತುಂಬಿದ ಎದೆ, ಗಂಭೀರ ಮಾತು. ಆದರೆ ಆ ರಾಜನ ಆಸುಪಾಸಿನಲ್ಲೇ ಇನ್ನೊಬ್ಬ ನಿಂತಿರುತ್ತಿದ್ದ. ಸಣಕಲು ಮೈ, ಮುಂದಕ್ಕೆ ಚಾಚಿದ ಹಲ್ಲು, ಒಂದು ಕಡೆ ನಿಲ್ಲದ ಕಣ್ಣು. ಅವನು ಬಾಯಿ ಬಿಡುವ ಮೊದಲೇ ಟೆಂಟಿನಲ್ಲಿ ನಗು ಶುರುವಾಗುತ್ತಿತ್ತು. ಅವರೇ ತಿಪಟೂರಿನ ನರಸಿಂಹರಾಜು, ನಮ್ಮ ತುಮಕೂರು ಜಿಲ್ಲೆಯವರು. ನನ್ನ ವಾದ ಇಷ್ಟೇ: ಆ ಯುಗವನ್ನು ನಾಯಕರ ಯುಗ ಅಂತ ಮಾತ್ರ ನೋಡಿದರೆ ಅರ್ಧ ನೋಡಿದಂತೆ. ಇನ್ನರ್ಧ ಭಾರ ಹೊತ್ತಿದ್ದು ಈ ಬಡಕಲು ಹೆಗಲು.

ಅವರು ಹುಟ್ಟಿದ್ದು 1923ರ ಜುಲೈ 24ರಂದು. ತಿಪಟೂರು ಕೊಬ್ಬರಿಗೆ ಹೆಸರಾದ ಊರು, ರೈಲು ನಿಲ್ಲುವ ಊರು. ರೈಲು ನಿಲ್ಲುವ ಕಡೆ ನಾಟಕ ಕಂಪನಿಗಳೂ ಇಳಿಯುತ್ತಿದ್ದ ಕಾಲ ಅದು. ನಾಲ್ಕರ ವಯಸ್ಸಿಗೇ ಹುಡುಗ ಸಿ.ಬಿ. ಮಲ್ಲಪ್ಪನವರ ನಾಟಕ ಕಂಪನಿ ಸೇರಿದ. ಸ್ಲೇಟು ಹಿಡಿಯಬೇಕಾದ ವಯಸ್ಸಿನಲ್ಲಿ ಮುಖಕ್ಕೆ ಬಣ್ಣ. ಪ್ರಹ್ಲಾದ, ಕೃಷ್ಣ, ಲೋಹಿತಾಶ್ವ, ಹೀಗೆ ಬಾಲಪಾತ್ರಗಳು. ಮುಂದೆ ಜನರನ್ನು ನಗಿಸಿ ನಗಿಸಿ ಸುಸ್ತು ಮಾಡಿದ ಮನುಷ್ಯ ರಂಗದ ಮೇಲೆ ಮೊದಲು ಕಲಿತದ್ದು ಅಳಿಸೋದನ್ನ. ಹಾವು ಕಚ್ಚಿ ಸತ್ತು ತಾಯಿಯ ಮಡಿಲಲ್ಲಿ ಮಲಗುವ ಲೋಹಿತಾಶ್ವನಿಗಿಂತ ಜನರನ್ನು ಅಳಿಸುವ ಪಾತ್ರ ಕಂಪನಿ ನಾಟಕದಲ್ಲಿ ಬೇರೆ ಯಾವುದಿತ್ತು?

ಬಾಲನಟರಿಗೆ ಒಂದು ಕಷ್ಟ ಇದೆ. ಧ್ವನಿ ಒಡೆದ ದಿನ ಕೃಷ್ಣನ ಕಿರೀಟ ಬೇರೆಯವರ ತಲೆಗೆ ಹೋಗುತ್ತೆ. ರಾಜಪಾರ್ಟಿಗೆ ಬೇಕಾದ ಮೈಕಟ್ಟೂ ಇವರಿಗಿರಲಿಲ್ಲ. ಉಳಿದದ್ದು ಹಾಸ್ಯ. ಒಂದು ಕಂಪನಿಯಿಂದ ಇನ್ನೊಂದಕ್ಕೆ, ಒಂದು ಊರಿಂದ ಮತ್ತೊಂದು ಊರಿಗೆ ಅಲೆದರು. ಹಿರಣ್ಣಯ್ಯನವರ ಮಂಡಳಿ, ಗುಬ್ಬಿ ಕಂಪನಿ, ಇವೆಲ್ಲ ಅವರ ಪಾಠಶಾಲೆಗಳೇ.

ಕಂಪನಿ ನಾಟಕದ ಹಾಸ್ಯಗಾರನ ಕೆಲಸ ಎಂಥದ್ದು ಅಂತ ಇವತ್ತಿನವರಿಗೆ ಸ್ವಲ್ಪ ಹೇಳಬೇಕು. ಹಿಂದೆ ಅರಮನೆ ಸೀನು ಬಿಚ್ಚಿ ಕಾಡಿನ ಸೀನು ಕಟ್ಟುತ್ತಿರುತ್ತಾರೆ. ಅಷ್ಟು ಹೊತ್ತು ಮುಂದಿನ ಪರದೆಯ ಎದುರು ನಿಂತು ಜನರನ್ನು ಹಿಡಿದಿಡಬೇಕಾದವನು ಅವನು. ಹಿಂದಿನವರಿಗೆ ಐದು ನಿಮಿಷ ಸಾಕಾಗಬಹುದು, ಹದಿನೈದೂ ಬೇಕಾಗಬಹುದು. ಮಾತು ಬರೆದುಕೊಟ್ಟಿರುವುದಿಲ್ಲ. ಮೈಕು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಕೊನೆ ಸಾಲಿನವನಿಗೂ ಕೇಳಬೇಕು, ಕಾಣಬೇಕು. ಹೀಗಾಗಿ ಹಾಸ್ಯಗಾರನಿಗೆ ಇಡೀ ಮೈಯೇ ನಾಲಿಗೆ. ನರಸಿಂಹರಾಜು ಸಿನಿಮಾಗೆ ಬರುವ ಹೊತ್ತಿಗೆ ರಂಗದ ಮೇಲೆ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಕಳೆದಿದ್ದರು.

ನಮ್ಮ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಜನಕ್ಕೆ ಈ ಪಾತ್ರ ಹೊಸದೇನಲ್ಲ. ಮೂಡಲಪಾಯದ ಬಯಲಾಟದಲ್ಲಿ ಕೋಡಂಗಿ ಅಂತ ಒಬ್ಬ ಇರುತ್ತಾನೆ. ಭಾಗವತರನ್ನೇ ಕೆಣಕುತ್ತಾನೆ, ರಾಜನಿಗೆ ಅಡ್ಡ ಬರುತ್ತಾನೆ, ಸೇವಕನೂ ಆಗುತ್ತಾನೆ, ದೂತನೂ ಆಗುತ್ತಾನೆ. ಮುಖ್ಯವಾಗಿ, ನೋಡುವವರ ಮನಸ್ಸಿನ ಪ್ರಶ್ನೆಯನ್ನು ಅವನು ಕೇಳುತ್ತಾನೆ. ರಾಜ ಆಡೋದು ಗ್ರಂಥದ ಮಾತು, ಕೋಡಂಗಿ ಆಡೋದು ಕಣದ ಮಾತು. ಬೆಳ್ಳಿಪರದೆಯ ಮೇಲೆ ನರಸಿಂಹರಾಜು ಕಂಡಾಗ ನಮ್ಮ ಹಿರಿಯರು ಕಂಡದ್ದು ಕೋಡಂಗಿಯನ್ನೇ. ಪರಿಚಯ ಮಾಡಿಕೊಳ್ಳುವ ಅಗತ್ಯವೇ ಬೀಳಲಿಲ್ಲ.

1954ರಲ್ಲಿ 'ಬೇಡರ ಕಣ್ಣಪ್ಪ' ಬಂತು. ಗುಬ್ಬಿ ವೀರಣ್ಣನವರ ಸಂಸ್ಥೆ ಎ.ವಿ. ಮೇಯ್ಯಪ್ಪನ್ ಅವರ ಜೊತೆಗೂಡಿ ತೆಗೆದ ಚಿತ್ರ, ನಿರ್ದೇಶನ ಎಚ್.ಎಲ್.ಎನ್. ಸಿಂಹ. ಮುತ್ತುರಾಜ್ ಎಂಬ ಕಂಪನಿ ನಟ ಅಲ್ಲಿ ರಾಜ್‌ಕುಮಾರ್ ಆದರು ಅನ್ನೋದು ಎಲ್ಲರಿಗೂ ಗೊತ್ತು. ನರಸಿಂಹರಾಜು ಅವರ ಸಿನಿಮಾ ಬದುಕೂ ಅದೇ ಚಿತ್ರದಿಂದ ಶುರುವಾಯ್ತು ಅನ್ನೋದನ್ನ ಮಾತ್ರ ನಾವು ಅಡಿಟಿಪ್ಪಣಿ ಮಾಡಿಬಿಟ್ಟಿದ್ದೇವೆ. ಇಬ್ಬರೂ ಒಂದೇ ದಿನ ಬಾಗಿಲು ದಾಟಿದವರು. ಒಬ್ಬರು ಭಕ್ತಿಯಿಂದ ಕಣ್ಣು ಒದ್ದೆ ಮಾಡಿದರು, ಇನ್ನೊಬ್ಬರು ನಗಿಸಿ ಒದ್ದೆ ಮಾಡಿದರು.

ಸುವರ್ಣಯುಗ ಅನ್ನೋ ಮಾತನ್ನು ನಾವು ಹಿಂದಿರುಗಿ ನೋಡಿ ಆಡುತ್ತೇವೆ. ಅದರೊಳಗೆ ಬದುಕಿದವರಿಗೆ ಅಲ್ಲಿ ಸುವರ್ಣ ಏನೂ ಇರಲಿಲ್ಲ. ಐವತ್ತರ ದಶಕದಲ್ಲಿ ವರ್ಷಕ್ಕೆ ಹದಿನೈದು ಕನ್ನಡ ಚಿತ್ರ ಬಂದರೆ ಹೆಚ್ಚು. ಸ್ಟುಡಿಯೋ, ಲ್ಯಾಬು, ದುಡ್ಡು ಹಾಕುವವರು ಎಲ್ಲ ಮದರಾಸಿನಲ್ಲಿ. ತಮಿಳು, ತೆಲುಗು ಚಿತ್ರಗಳ ನಡುವೆ ಖಾಲಿ ಉಳಿದ ಫ್ಲೋರಿನಲ್ಲಿ ಕನ್ನಡದವರ ಶೂಟಿಂಗು. ಒಂದು ಚಿತ್ರ ಮುಗಿದರೆ ಮುಂದಿನದು ಯಾವಾಗ ಅಂತ ಗೊತ್ತಿಲ್ಲ. ದಶಕದ ಕೊನೆಗೆ ಕೈಯಲ್ಲಿ ಕೆಲಸವೇ ಇಲ್ಲದ ಸ್ಥಿತಿ ಬಂತು.

ಆಗ ನಾಲ್ಕು ಜನ ಒಟ್ಟಿಗೆ ಕೂತರು: ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು. ಕಲಾವಿದರದ್ದೇ ಒಂದು ಸಂಘ ಕಟ್ಟಿಕೊಂಡರು. ಬಿಟ್ಟು ಬಂದಿದ್ದ ನಾಟಕಕ್ಕೆ ಮತ್ತೆ ಮರಳಿ ಊರೂರು ಸುತ್ತಿ ಆಡಿದರು. ಕೊನೆಗೆ ತಾವೇ ನಿರ್ಮಾಪಕರಾಗಿ 1960ರಲ್ಲಿ 'ರಣಧೀರ ಕಂಠೀರವ' ತೆರೆಗೆ ತಂದರು. ಇವತ್ತು ಆ ಚಿತ್ರವನ್ನು ಕನ್ನಡದ ಹೆಮ್ಮೆ ಅಂತ ಕೊಂಡಾಡುತ್ತೇವೆ, ಸರಿ. ಆದರೆ ಅದು ಹುಟ್ಟಿದ್ದು ಹೊಟ್ಟೆಪಾಡಿನಿಂದ. ನಾಯಕ, ಲೇಖಕ, ಇಬ್ಬರು ಹಾಸ್ಯನಟರು ಸಮನಾಗಿ ಹೆಗಲು ಕೊಟ್ಟು ಎತ್ತಿದ ಬಂಡಿ ಅದು. ಒಬ್ಬ ತಾರೆಯ ಬೆನ್ನ ಮೇಲೆ ನೂರಾರು ಕೋಟಿ ಹೇರುವ ಈಗಿನ ದಿನಗಳಲ್ಲಿ ಈ ಲೆಕ್ಕ ನೆನಪಿಟ್ಟುಕೊಳ್ಳುವಂಥದ್ದು.

ಬಾಲಕೃಷ್ಣ ಅವರ ಜೊತೆ ನರಸಿಂಹರಾಜು ಜೋಡಿ ಅಂತೂ ಜನರಿಗೆ ಹಬ್ಬ. ಬಾಲಣ್ಣ ಅರಸೀಕೆರೆಯವರು, ತಿಪಟೂರಿನ ಪಕ್ಕದ ತಾಲ್ಲೂಕು. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ, ಮುಖ ನೋಡಿಯೇ ಮಾತಿಗೆ ಮಾತು ಕೊಡಬೇಕು. ಇತ್ತ ನರಸಿಂಹರಾಜು ಮುಖವೋ, ಒಂದು ಕ್ಷಣ ಸುಮ್ಮನಿರದು. ಇಬ್ಬರ ನಡುವಿನ ಆ ಸಮಯಪ್ರಜ್ಞೆಯನ್ನು ಇವತ್ತು ನೋಡಿದರೂ ಬೆರಗಾಗುತ್ತೆ. ಕತ್ತರಿ ಹಾಕಿ ಜೋಡಿಸಿದ ನಗು ಅಲ್ಲ ಅದು, ಒಂದೇ ಚೌಕಟ್ಟಿನಲ್ಲಿ ಇಬ್ಬರು ಎದುರುಬದುರು ನಿಂತು ಹುಟ್ಟಿಸಿದ್ದು.

ಗಾಂಧಿನಗರದ ಹಳಬರು ಒಂದು ಮಾತು ಹೇಳುತ್ತಾರೆ. ಆಗೆಲ್ಲ ನಿರ್ಮಾಪಕರು ಮೊದಲು ನರಸಿಂಹರಾಜು ಕಾಲ್‌ಶೀಟ್ ಗಟ್ಟಿ ಮಾಡಿಕೊಂಡು ಆಮೇಲೆ ನಾಯಕನ ಹತ್ತಿರ ಹೋಗುತ್ತಿದ್ದರಂತೆ. ಹಂಚಿಕೆದಾರರು ಕೇಳುತ್ತಿದ್ದದ್ದೂ ಅದನ್ನೇ, ಅವರಿದ್ದಾರೋ ಇಲ್ಲವೋ ಅಂತ. ಎಷ್ಟು ಬೇಡಿಕೆ ಇತ್ತು ಅನ್ನೋದಕ್ಕೆ ಲೆಕ್ಕವೇ ಸಾಕ್ಷಿ: 1967ರ 'ನಕ್ಕರೆ ಅದೇ ಸ್ವರ್ಗ' ಅವರ ನೂರನೇ ಚಿತ್ರ. ಹದಿಮೂರು ವರ್ಷಕ್ಕೆ ನೂರು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಕನ್ನಡದಲ್ಲಿ ಮೊದಲು ಹಾಡಿದ್ದೂ ಇದೇ ಚಿತ್ರಕ್ಕೆ.

ಅವರ ಪಾತ್ರಗಳಲ್ಲಿ ನನಗೆ ಮತ್ತೆ ಮತ್ತೆ ಕಾಡೋದು 1965ರ 'ಸತ್ಯ ಹರಿಶ್ಚಂದ್ರ'ದ ನಕ್ಷತ್ರಿಕ. ಹುಣಸೂರು ಕೃಷ್ಣಮೂರ್ತಿ ನಿರ್ದೇಶನ. ವಿಶ್ವಾಮಿತ್ರನ ಸಾಲ ವಸೂಲಿಗೆ ಹರಿಶ್ಚಂದ್ರನ ಬೆನ್ನು ಹತ್ತಿದವನು ನಕ್ಷತ್ರಿಕ. ರಾಜ್ಯ ಕಳೆದುಕೊಂಡವನನ್ನು ನಡೆದಲ್ಲಿ, ಕೂತಲ್ಲಿ ಪೀಡಿಸೋದೇ ಅವನ ಕೆಲಸ. ನೋಡಿ, ಬಾಲ್ಯದಲ್ಲಿ ಲೋಹಿತಾಶ್ವನಾಗಿ ಆ ಸಾಲದ ನೋವು ಉಂಡ ನಟ, ನಲವತ್ತು ದಾಟಿದ ಮೇಲೆ ಅದೇ ಕಥೆಯಲ್ಲಿ ವಸೂಲಿಗಾರನಾಗಿ ಬಂದರು.

ಈ ಪಾತ್ರವನ್ನು ಕೆಟ್ಟವನನ್ನಾಗಿ ಆಡೋದು ಸುಲಭ. ನರಸಿಂಹರಾಜು ಹಾಗೆ ಆಡಲಿಲ್ಲ. ಅವರ ನಕ್ಷತ್ರಿಕ ಒಬ್ಬ ಆಳು. ಗುರು ಹೇಳಿದ್ದಾನೆ, ಇವನು ಮಾಡುತ್ತಿದ್ದಾನೆ. ಪೀಡಿಸುವವನಿಗೂ ಬಿಸಿಲು, ಹಸಿವು, ಕಾಲುನೋವು ಇದ್ದೇ ಇದೆ. ಕಡ್ಲೆಕಾಯಿ ಕೈಕೊಟ್ಟ ವರ್ಷ ಸಾಲ ಕೇಳಲು ಬರುವವನನ್ನು ನಮ್ಮ ಬರದ ಸೀಮೆಯಲ್ಲಿ ನೋಡದವರಿಲ್ಲ. ದುಡ್ಡು ಕೊಟ್ಟ ಸಾಹುಕಾರ ಜಗಲಿಯಲ್ಲಿ ಕೂತಿರುತ್ತಾನೆ, ಬಾಗಿಲಿಗೆ ಬರೋದು ಅವನ ಆಳು. ಅವನೂ ನಮ್ಮಂಥವನೇ. ಮೈಕ್ರೋಫೈನಾನ್ಸ್ ಕಂತು ಕೇಳಿಕೊಂಡು ಬೈಕಿನಲ್ಲಿ ಬಂದು ಹೆಂಗಸರ ಮುಂದೆ ನಿಲ್ಲುವ ಹುಡುಗನ ಮುಖ ನೋಡಿದಾಗೆಲ್ಲ ನನಗೆ ಆ ನಕ್ಷತ್ರಿಕ ಜ್ಞಾಪಕ ಆಗ್ತಾನೆ. ಹಾಸ್ಯನಟನೊಬ್ಬ ಇಷ್ಟು ದೂರ ಬರಬಲ್ಲ ಅಂದರೆ ಅವರನ್ನು ಬರೀ ನಗಿಸುವವರು ಅನ್ನೋದು ಹೇಗೆ?

1970ರ 'ಶ್ರೀಕೃಷ್ಣದೇವರಾಯ'ದಲ್ಲಿ ಅವರು ತೆನಾಲಿ ರಾಮಕೃಷ್ಣ. ಬಿ.ಆರ್. ಪಂತುಲು ತೆಗೆದ ಭಾರೀ ಬಣ್ಣದ ಚಿತ್ರ ಅದು. ಅಷ್ಟು ದೊಡ್ಡ ದರ್ಬಾರಿನಲ್ಲಿ ರಾಯನನ್ನು ಕೆಣಕುವ ಪರವಾನಗಿ ಇದ್ದದ್ದು ಇವನೊಬ್ಬನಿಗೆ. ಮತ್ತೆ ಅದೇ ಕೋಡಂಗಿ. ಆಂಧ್ರದ ಗಡಿಯೊಳಗೆ ಚಾಚಿಕೊಂಡಿರುವ ಪಾವಗಡದ ಕಡೆಯವರಿಗೆ ತೆಲುಗಿನ ರೇಲಂಗಿಯೂ ಗೊತ್ತು, ನರಸಿಂಹರಾಜುವೂ ಗೊತ್ತು. ಯಾರು ಮೇಲು ಅಂತ ಜಗಳ ಆಡುವವರನ್ನು ನಾನೇ ಕಂಡಿದ್ದೇನೆ. ತೀರ್ಪು ಆಗಿದ್ದಂತೂ ಕಾಣೆ.

ನಾನು ಅವರನ್ನು ನೋಡಿ ನಗೋದು ಕಲಿಯುವ ಹೊತ್ತಿಗೆ ಅವರು ತೀರಿಕೊಂಡು ಐದಾರು ವರ್ಷ ಆಗಿತ್ತು. ನಮಗೆ ಅದು ಗೊತ್ತಿರಲಿಲ್ಲ. ಹುಲಿಕುಂಟೆ ಸುತ್ತಿನ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡೋ, ನಡೆದೋ ಟೂರಿಂಗ್ ಟಾಕೀಸಿಗೆ ಹೋಗೋದು. ಹೊಸ ಚಿತ್ರ ಅಲ್ಲಿಗೆ ಬರುವ ಹೊತ್ತಿಗೆ ಹಳತಾಗಿರುತ್ತಿತ್ತು, ಹಳೆಯದಂತೂ ಸಲೀಸಾಗಿ ಬರುತ್ತಿತ್ತು. ಮೈಕಿನಲ್ಲಿ ಘಂಟಸಾಲರ ವೆಂಕಟೇಶನ ಹಾಡು ಕೇಳಿದರೆ ಆಟ ಶುರುವಾಗುತ್ತೆ ಅಂತ ಅರ್ಥ, ಓಟ ಕೀಳಬೇಕು. ನೆಲದ ಟಿಕೆಟ್ಟಿನವರು ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರೋದು. ರೀಲು ಬದಲಿಸುವಾಗ ಬೀಡಿ, ಕಡ್ಲೆಕಾಯಿ, ಮಕ್ಕಳ ಅಳು.

ಹೋಟೆಲಿನಲ್ಲಿ ಲೋಟ ಬೇರೆ ಇಡುತ್ತಿದ್ದ ಕಾಲ ನಮ್ಮ ಕಡೆ ಬಹಳ ಹಿಂದಿನದೇನೂ ಅಲ್ಲ. ಆ ಮರಳಿನ ಮೇಲೆ ಮಾತ್ರ ಕತ್ತಲಲ್ಲಿ ಯಾರ ಪಕ್ಕ ಯಾರು ಕೂತಿದ್ದಾರೆ ಅಂತ ಹುಡುಕಿ ಎಬ್ಬಿಸೋದು ಕಷ್ಟ. ನರಸಿಂಹರಾಜು ಬಂದರೆ ಎಲ್ಲರೂ ಒಂದೇ ಹೊತ್ತಿಗೆ ನಗುತ್ತಿದ್ದರು. ಸಿನಿಮಾ ಊರನ್ನು ಬದಲಿಸಿಬಿಟ್ಟಿತು ಅಂತ ನಾನು ಹೇಳುತ್ತಿಲ್ಲ. ಬೆಳಗಾದರೆ ಕೇರಿ ಕೇರಿಯೇ. ಆದರೂ ಎರಡೂವರೆ ಗಂಟೆ ಹೊತ್ತು ಒಂದೇ ವಿಷಯಕ್ಕೆ ನಕ್ಕವರು ನಾವು, ಇದು ಸಣ್ಣ ಮಾತಲ್ಲ.

ಹಳೆಯದೆಲ್ಲ ಹೊನ್ನು ಅನ್ನೋ ಪೈಕಿಯೂ ನಾನಲ್ಲ. ಆ ಕಾಲದ ಹಾಸ್ಯದಲ್ಲಿ ಇವತ್ತು ಮುಜುಗರ ತರಿಸುವಂಥದ್ದು ಬೇಕಾದಷ್ಟಿದೆ. ದಪ್ಪ ಹೆಂಗಸರನ್ನು, ಗಯ್ಯಾಳಿ ಹೆಂಡತಿಯನ್ನು, ಉಗ್ಗುವವರನ್ನು ಇಟ್ಟುಕೊಂಡು ಹುಟ್ಟಿಸಿದ ನಗು ಈಗ ಗಂಟಲಲ್ಲೇ ನಿಲ್ಲುತ್ತೆ. ಆದರೆ ನರಸಿಂಹರಾಜು ಹೆಚ್ಚಾಗಿ ನಗಿಸಿದ್ದು ತಮ್ಮನ್ನೇ ತಾವು ಗೇಲಿ ಮಾಡಿಕೊಂಡು. ತಮ್ಮ ಹಲ್ಲು, ತಮ್ಮ ಮೂಳೆ, ತಮ್ಮ ಹಸಿವು, ತಮ್ಮ ಪುಕ್ಕಲುತನ. ಹಸಿದವನು ಊಟದ ಎಲೆ ನೋಡುವ ನೋಟ ಅವರಷ್ಟು ಚೆನ್ನಾಗಿ ಕನ್ನಡದಲ್ಲಿ ಬೇರೆ ಯಾರೂ ನೋಡಿಲ್ಲ. ಕಂಪನಿಯ ಬದುಕು ಕಂಡವರಿಗೆ ಅದನ್ನು ಕಲಿಸಬೇಕಿರಲಿಲ್ಲ ಅಂತ ಕಾಣುತ್ತೆ.

ಎಪ್ಪತ್ತರ ದಶಕಕ್ಕೆ ಗಾಳಿ ಬದಲಾಯ್ತು. ಬಣ್ಣ ಬಂತು, ಕಾದಂಬರಿ ಚಿತ್ರಗಳು ಬಂದವು, ಹೊಸ ಅಲೆ ಬಂತು, ಹಾಸ್ಯಕ್ಕೆ ಹೊಸ ಮುಖಗಳು ಬಂದವು. ನರಸಿಂಹರಾಜು ಕೈಕಟ್ಟಿ ಕೂರಲಿಲ್ಲ. 1974ರಲ್ಲಿ ತಾವೇ ನಿರ್ಮಿಸಿದ 'ಪ್ರೊಫೆಸರ್ ಹುಚ್ಚೂರಾಯ'ದಲ್ಲಿ ಹೆಸರಿನ ಪಾತ್ರ ಮಾಡಿದರು. ಪಕ್ಕದಲ್ಲಿ ನಿಂತೇ ಬದುಕು ಸವೆಸಿದ ನಟ ಅಲ್ಲಿ ನಡುವಿಗೆ ಬಂದು ನಿಂತ. 1979ರ ಜುಲೈನಲ್ಲಿ, ಐವತ್ತಾರು ತುಂಬುವ ಕೆಲವೇ ದಿನ ಮೊದಲು, ತೀರಿಕೊಂಡರು. ಇಪ್ಪತ್ತೈದು ವರ್ಷಕ್ಕೆ ಇನ್ನೂರೈವತ್ತರ ಆಸುಪಾಸು ಚಿತ್ರ. ಅಂದರೆ ವರ್ಷಕ್ಕೆ ಹತ್ತು. ನಾಲ್ಕನೇ ವಯಸ್ಸಿಗೆ ದುಡಿಯಲು ಶುರು ಮಾಡಿದ ಮೈ ಅದು.

'ಸತ್ಯ ಹರಿಶ್ಚಂದ್ರ'ಕ್ಕೆ 2008ರಲ್ಲಿ ಬಣ್ಣ ತುಂಬಿ ಮತ್ತೆ ತೆರೆಗೆ ತಂದರು. ಎಲ್ಲ ಹಳೆಯ ಚಿತ್ರಗಳಿಗೂ ಆ ಭಾಗ್ಯ ಇಲ್ಲ. ಈಗ ನರಸಿಂಹರಾಜು ಉಳಿದಿರೋದು ಹೆಚ್ಚಾಗಿ ಮೊಬೈಲಿನಲ್ಲಿ, ಐದು ನಿಮಿಷದ ಕಾಮಿಡಿ ತುಣುಕುಗಳಾಗಿ. ಟಿವಿಯಲ್ಲಿ ಜಾಹೀರಾತಿಗೆ ಜಾಗ ಬೇಕಾದರೆ ಮೊದಲು ಹಾರೋದು ಹಾಸ್ಯದ ಸೀನೇ. ಒಂದು ಕಡೆ ಚಿತ್ರದಿಂದ ಅವರನ್ನು ಕತ್ತರಿಸುತ್ತಾರೆ, ಇನ್ನೊಂದು ಕಡೆ ಅವರಿಂದ ಚಿತ್ರವನ್ನು ಕತ್ತರಿಸುತ್ತಾರೆ. ಎರಡರಲ್ಲೂ ನಷ್ಟ ನಮ್ಮದೇ. ಹರಿಶ್ಚಂದ್ರನ ಸಂಕಟ ನೋಡದೆ ನಕ್ಷತ್ರಿಕನನ್ನು ಮಾತ್ರ ನೋಡಿದರೆ ಅವನು ಬರೀ ಚೇಷ್ಟೆಗಾರ. ನಕ್ಷತ್ರಿಕನಿಲ್ಲದೆ ಹರಿಶ್ಚಂದ್ರನನ್ನು ನೋಡಿದರೆ ಅವನು ಬರೀ ದೇವರು. ಇಬ್ಬರೂ ಒಟ್ಟಿಗೆ ನಡೆದಾಗಷ್ಟೇ ಅದು ಸಾಲ ಮಾಡಿದ ಮನುಷ್ಯನ ಕಥೆ.

ಆದ್ದರಿಂದ ಈ ಸಲ ಪುರುಸೊತ್ತು ಆದಾಗ ತುಣುಕು ಬಿಡಿ, ಇಡೀ ಚಿತ್ರ ಹಾಕಿ. ಕಪ್ಪು ಬಿಳುಪು ಆದರೂ ಪರವಾಗಿಲ್ಲ, ಶಬ್ದ ಕರಕರ ಅಂದರೂ ಪರವಾಗಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ ಜೊತೆಗೆ ಕೂರಿಸಿಕೊಳ್ಳಿ. ಅವರು ಎಲ್ಲಿ ನಗುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಅಂತ ಸ್ವಲ್ಪ ಗಮನಿಸಿ.